ಗ್ಯಾರೇಜಿಗೆ ಹೋದರೆ ಸರಿಹೋಗುವ ಗಾಡಿ

ಕಾರಿನ ಎಲೆಕ್ಟ್ರಿಕಲ್ ತೊಂದರೆಗಳಲ್ಲಿ ಎರಡು ಜಾತಿ. ಪೂರ್ತಿ ಕೆಟ್ಟು ಕೂತಿರೋದು ಒಂದು, ಒಮ್ಮೊಮ್ಮೆ ಕೆಡೋದು ಇನ್ನೊಂದು. ಮೊದಲನೆಯದು ಸುಲಭ. ಹಾರ್ನ್ ಆಗುತ್ತಿಲ್ಲವಾ? ಫ್ಯೂಸ್ ನೋಡಿ, ರಿಲೇ ನೋಡಿ, ಹಾರ್ನ್ ತನಕ ಕರೆಂಟ್ ಬರುತ್ತಿದೆಯಾ ನೋಡಿ. ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಎರಡನೆಯದು ಹಾಗಲ್ಲ. ಬೆಳಿಗ್ಗೆ ಡ್ಯಾಶ್‌ಬೋರ್ಡ್ ತುಂಬ ಹಳದಿ ದೀಪ. ಮಧ್ಯಾಹ್ನ ಮೆಕ್ಯಾನಿಕ್ ಮುಂದೆ ತಂದು ನಿಲ್ಲಿಸಿದರೆ ಒಂದೂ ಇಲ್ಲ. ಅವನು ನಮ್ಮ ಮುಖ ನೋಡುತ್ತಾನೆ, ನಾವು ಗಾಡಿಯ ಮುಖ ನೋಡುತ್ತೇವೆ.

ಗ್ಯಾರೇಜ್ ಕಂಡರೆ ಗಾಡಿಗೆ ಭಯ ಅಂತ ತಮಾಷೆ ಮಾಡುತ್ತೇವಲ್ವಾ, ಅದರಲ್ಲಿ ಸ್ವಲ್ಪ ನಿಜ ಇದೆ. ಬೆಳಿಗ್ಗೆ ತಣ್ಣಗಿದ್ದ ಗಾಡಿ ಗ್ಯಾರೇಜ್ ತಲುಪುವಷ್ಟರಲ್ಲಿ ಬಿಸಿಯಾಗಿರುತ್ತದೆ. ರಾತ್ರಿಯೆಲ್ಲ ಇಳಿದಿದ್ದ ಬ್ಯಾಟರಿ ದಾರಿಯಲ್ಲಿ ಒಂದಿಷ್ಟು ಚಾರ್ಜ್ ಆಗಿರುತ್ತದೆ. ಕನೆಕ್ಟರ್ ಒಳಗಿದ್ದ ತೇವ ಎಂಜಿನ್ ಶಾಖಕ್ಕೆ ಆರಿರುತ್ತದೆ. ರಸ್ತೆಯ ಕುಲುಕಾಟಕ್ಕೆ ಸಡಿಲ ಪಿನ್ ಮತ್ತೆ ತಾಗಿ ಕೂತಿರುತ್ತದೆ. ಅಂದರೆ ತೊಂದರೆ ತೋರಿಸೋಕೆ ಅಂತ ಹೊರಟ ದಾರಿಯಲ್ಲೇ, ಆ ತೊಂದರೆಗೆ ಬೇಕಾದ ಪರಿಸ್ಥಿತಿ ಅಳಿಸಿಹೋಗುತ್ತದೆ.

ಹಾಗಾಗಿ "ಮನಸ್ಸು ಬಂದಾಗ ಬರುತ್ತೆ, ಇಲ್ಲದಿದ್ದರೆ ಇಲ್ಲ" ಅನ್ನೋ ಮಾತನ್ನು ನಾನು ನಂಬೋದು ಬಿಟ್ಟಿದ್ದೇನೆ. ತಂತಿಗೆ ಮನಸ್ಸು ಇರೋದಿಲ್ಲ. ಶಾಖ, ತೇವ, ಅಲುಗಾಟ, ವೋಲ್ಟೇಜ್. ಈ ನಾಲ್ಕರಲ್ಲಿ ಯಾವುದೋ ಒಂದು ಬದಲಾದಾಗ ದೋಷ ಬರುತ್ತದೆ. ಕೆಲವು ಸಲ ಎರಡು ಒಟ್ಟಿಗೆ ಸೇರಬೇಕಾಗುತ್ತದೆ, ಆಗ ಹಿಡಿಯೋದು ಇನ್ನೂ ಕಷ್ಟ. ಯಾವ ಪಾರ್ಟ್ ಕೆಟ್ಟಿದೆ ಅಂತ ಮೊದಲೇ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಯಾವ ಪರಿಸ್ಥಿತಿಯಲ್ಲಿ ಕೆಡುತ್ತದೆ ಅಂತ ಹುಡುಕಿದರೆ ಪಾರ್ಟ್ ತಾನಾಗೇ ಹತ್ತಿರ ಬರುತ್ತದೆ.

ಅದಕ್ಕೇ ನಾನು ಮೊದಲು ಕೈಗೆತ್ತಿಕೊಳ್ಳೋದು ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಅಲ್ಲ, ನೋಟ್‌ಬುಕ್. ಫೋನಿನಲ್ಲಿ ಬರೆದರೂ ಆಗುತ್ತದೆ. "ಗಾಡಿ ಆಗಾಗ ಆಫ್ ಆಗುತ್ತೆ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. "ಒಂದು ಗಂಟೆ ಓಡಿಸಿದ ಮೇಲೆ, ನಿಧಾನ ಟ್ರಾಫಿಕ್‌ನಲ್ಲಿ ಆಫ್ ಆಯಿತು. ಸೆಲ್ಫ್ ತಿರುಗುತ್ತಿತ್ತು, ಆದರೆ ಆರ್‌ಪಿಎಂ ಮುಳ್ಳು ಅಲುಗಲೇ ಇಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಯಿತು" ಅಂತ ಬರೆದರೆ ಅರ್ಧ ಕೆಲಸ ಮುಗಿದ ಹಾಗೆ. ಎಂಜಿನ್ ತಿರುಗೋದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈ ಕೊಡುತ್ತಿರಬಹುದು ಅಂತ ಅನುಭವ ಇರುವ ಮೆಕ್ಯಾನಿಕ್ ಅಷ್ಟರಲ್ಲೇ ಊಹಿಸುತ್ತಾನೆ. ಎಂಜಿನ್ ತಿರುಗುತ್ತಿದೆ ಅನ್ನೋ ಸುದ್ದಿ ಕಂಪ್ಯೂಟರಿಗೆ ಮುಟ್ಟದಿದ್ದರೆ ಅದು ಸ್ಪಾರ್ಕನ್ನೂ ಕೊಡಲ್ಲ, ಪೆಟ್ರೋಲನ್ನೂ ಕೊಡಲ್ಲ. ಅನೇಕ ಗಾಡಿಗಳಲ್ಲಿ ಆರ್‌ಪಿಎಂ ಮುಳ್ಳಿಗೂ ಅದೇ ಸೆನ್ಸರಿನ ಸುದ್ದಿ ಬೇಕು. ಮುಳ್ಳು ಸುಮ್ಮನೆ ಮಲಗಿತ್ತು ಅನ್ನೋ ಒಂದು ಸಾಲು ಎಷ್ಟೊಂದು ಹೇಳುತ್ತದೆ ನೋಡಿ.

ನಾನು ಬರೆದಿಡೋ ಸಂಗತಿಗಳು ಕೆಲವರಿಗೆ ಅತಿ ಅನ್ನಿಸಬಹುದು. ಎಂಜಿನ್ ಬಿಸಿಯೋ ತಣ್ಣಗೋ. ಹಿಂದಿನ ದಿನ ಮಳೆ ಬಂದಿತ್ತಾ, ಗಾಡಿ ತೊಳೆದಿದ್ದೆವಾ. ಸ್ಟಿಯರಿಂಗ್ ಯಾವ ಕಡೆ ತಿರುಗಿತ್ತು. ಎಸಿ, ವೈಪರ್, ಹೆಡ್‌ಲೈಟ್ ಯಾವುದು ಆನ್ ಇತ್ತು. ಹಂಪ್ ದಾಟಿದ ಮೇಲೆ ಬಂತಾ. ಗಾಡಿ ರಾತ್ರಿ ಎಲ್ಲಿ, ಯಾವ ಕಡೆಗೆ ವಾಲಿ ನಿಂತಿತ್ತು. ಈ ಕೊನೆಯದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ವಿಷಯ. ಈಗ ಅಗ್ಗದ ಬ್ಲೂಟೂತ್ ಡಾಂಗಲ್ ಎಲ್ಲರ ಹತ್ತಿರವೂ ಇದೆ. ಅಮೆರಿಕದಲ್ಲಿ 1996ರಿಂದ ಮಾರಿದ ಕಾರುಗಳಲ್ಲಿ, ಯೂರೋಪಿನಲ್ಲಿ 2001ರಿಂದ ಪೆಟ್ರೋಲ್ ಕಾರುಗಳಲ್ಲಿ ಕಡ್ಡಾಯವಾದ 16 ಪಿನ್ನಿನ ಒಬಿಡಿ ಸಾಕೆಟ್ (ಸ್ಕ್ಯಾನರ್ ಸಿಕ್ಕಿಸುವ ಜಾಗ) ಇವತ್ತು ಎಲ್ಲ ಕಡೆ ಮಾಮೂಲಿ. ಡಾಂಗಲ್ ಸಿಕ್ಕಿಸುತ್ತಾರೆ, ಕೋಡ್ ಓದುತ್ತಾರೆ, ತಕ್ಷಣ ಕ್ಲಿಯರ್ ಒತ್ತುತ್ತಾರೆ. ಯಾಕೆ ಆ ಅವಸರ? ಕೋಡ್ ಅಳಿಸಿದರೆ ಅದರ ಜೊತೆಗಿದ್ದ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ಕಂಡ ಆ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಶಾಖ ಎಷ್ಟಿತ್ತು, ಲೋಡ್ ಎಷ್ಟಿತ್ತು ಅಂತ ಗಾಡಿಯೇ ಬರೆದಿಟ್ಟ ಟಿಪ್ಪಣಿ ಅದು. ನಮ್ಮ ನೋಟ್‌ಬುಕ್ಕಿಗಿಂತ ನಂಬಿಕಸ್ತ. ಕೆಲವು ಗಾಡಿಗಳಲ್ಲಿ ಎಷ್ಟು ಸಲ ಬಂತು, ಮೀಟರ್ ಎಷ್ಟು ಕಿಲೋಮೀಟರ್ ತೋರಿಸುತ್ತಿದ್ದಾಗ ಬಂತು ಅನ್ನೋದೂ ಸಿಗುತ್ತದೆ. ಅದನ್ನೆಲ್ಲ ಫೋಟೋ ತೆಗೆದಿಟ್ಟುಕೊಳ್ಳುವ ತನಕ ಅಳಿಸುವ ಬಟನ್ ಹತ್ತಿರವೂ ಹೋಗಬಾರದು. ಬ್ಯಾಟರಿ ಟರ್ಮಿನಲ್ ಬಿಚ್ಚಿ "ರೀಸೆಟ್" ಮಾಡೋರೂ ಇದ್ದಾರೆ. ಅದೂ ಬಹಳ ಸಲ ಸಾಕ್ಷಿ ಅಳಿಸುವ ಕೆಲಸವೇ.

ಕೋಡ್ ಓದುವಾಗ ಇನ್ನೊಂದು ಮಾತು ನೆನಪಿರಲಿ. ದೂರು ಕೊಟ್ಟವರು ಯಾರು ಅಂತ ಕೋಡ್ ಹೇಳುತ್ತದೆ. ತಪ್ಪು ಯಾರದ್ದು ಅಂತ ಹೇಳೋದಿಲ್ಲ. ಒಂದು ಉದಾಹರಣೆ. ಅನೇಕ ಸೆನ್ಸರ್‌ಗಳಿಗೆ ಎಂಜಿನ್ ಕಂಪ್ಯೂಟರ್ 5 ವೋಲ್ಟ್ ಕರೆಂಟ್ ಕೊಡುತ್ತದೆ. ಆ 5 ವೋಲ್ಟಿನ ಲೈನನ್ನು ಎರಡು ಮೂರು ಸೆನ್ಸರ್ ಹಂಚಿಕೊಳ್ಳುವುದು ಸಾಮಾನ್ಯ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಇಡೀ ಲೈನ್ ಕುಸಿಯುತ್ತದೆ. ಆಗ ಥ್ರಾಟಲ್, ಎಂಜಿನ್ ಒಳಗೆಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಇನ್ನೊಂದು ಪ್ರೆಶರ್ ಸೆನ್ಸರ್ ಎಲ್ಲದರ ಮೇಲೂ ಕೋಡ್ ಬರುತ್ತದೆ. ಪಟ್ಟಿ ನೋಡಿ ಎಲ್ಲವನ್ನೂ ಬದಲಾಯಿಸಿದವರನ್ನು ನೋಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಂದೊಂದೇ ಸೆನ್ಸರಿನ ಕನೆಕ್ಟರ್ ಬಿಚ್ಚುತ್ತಾ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೆ ಅಂತ ನೋಡಿದರೆ ಕೆಲವೇ ನಿಮಿಷದ ಕೆಲಸ. ಒಟ್ಟಿಗೆ ನಾಲ್ಕೈದು ಕೋಡ್ ಬಂದಿದ್ದರೆ ನಾಲ್ಕೈದು ಪಾರ್ಟ್ ಒಂದೇ ದಿನ ಕೆಟ್ಟಿರೋದು ತೀರಾ ಅಪರೂಪ. ಅವಕ್ಕೆಲ್ಲ ಸಾಮಾನ್ಯವಾಗಿರೋದು ಏನು ಅಂತ ವೈರಿಂಗ್ ಡಯಾಗ್ರಾಮ್ ತೆಗೆದು ನೋಡಬೇಕು. ಒಂದೇ ಫ್ಯೂಸಾ, ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಒಂದೇ ಅರ್ಥ್ ಪಾಯಿಂಟಾ, ಒಂದೇ ಕನೆಕ್ಟರಾ.

ಬ್ಯಾಟರಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಕೊನೆಗೆ ನೋಡೋದು ಇದನ್ನೇ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2ಕ್ಕೆ ಬಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಅನುಮಾನ ಪಡಬೇಕು. ಹೊಸ ಗಾಡಿಗಳಲ್ಲಿ ಹತ್ತಾರು ಕಂಪ್ಯೂಟರ್ ಇರುತ್ತವೆ. ಸ್ಟಾರ್ಟ್ ಮಾಡುವ ಆ ಒಂದು ಸೆಕೆಂಡಿನಲ್ಲಿ ವೋಲ್ಟೇಜ್ ಕುಸಿದರೆ ಒಂದೆರಡು ಕಂಪ್ಯೂಟರ್ ಆಫ್ ಆಗಿ ಮತ್ತೆ ಏಳುತ್ತವೆ. ಅಷ್ಟರಲ್ಲಿ ಉಳಿದವು "ಅವನು ಮಾತಾಡುತ್ತಿಲ್ಲ" ಅಂತ ಕೋಡ್ ಬರೆದಾಗಿರುತ್ತದೆ. ಸಂಬಂಧವೇ ಇಲ್ಲದ ದೀಪಗಳು ಒಟ್ಟಿಗೆ ಉರಿದರೆ ಮೊದಲು ಬ್ಯಾಟರಿ, ಅದರ ಎರಡು ಟರ್ಮಿನಲ್, ಬಾಡಿಗೂ ಎಂಜಿನ್ನಿಗೂ ಹೋಗುವ ಅರ್ಥ್ ಕೇಬಲ್ ನೋಡಿ. ಎಲೆಕ್ಟ್ರಿಕ್ ಕಾರಿಗೂ ಈ ಮಾತು ಅನ್ವಯಿಸುತ್ತದೆ. ಅದರೊಳಗೂ ಕಂಪ್ಯೂಟರ್‌ಗಳನ್ನು ಎಬ್ಬಿಸಲು ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕದು ಸತ್ತರೆ ಗಾಡಿ ಅಲುಗಲ್ಲ. ಅಂದ ಹಾಗೆ, ಹೊಸ ಕಾರುಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಕಂಪ್ಯೂಟರೇ ಏರಿಸಿ ಇಳಿಸಿ ಮಾಡುತ್ತದೆ. ಒಂದು ಸಲ 13 ಕಂಡ ಮಾತ್ರಕ್ಕೆ ಆಲ್ಟರ್ನೇಟರ್ ಹೋಯಿತು ಅನ್ನಬೇಡಿ.

ಈಗ ಮಲ್ಟಿಮೀಟರ್ ಹೇಗೆ ಮೋಸ ಮಾಡುತ್ತದೆ ಅಂತ ಹೇಳಲೇಬೇಕು. ಒಂದು ತಂತಿಯಲ್ಲಿ ಇಪ್ಪತ್ತು ಮೂವತ್ತು ತಾಮ್ರದ ಎಳೆ ಇದೆ ಅಂದುಕೊಳ್ಳಿ. ಒಂದನ್ನು ಬಿಟ್ಟು ಎಲ್ಲ ತುಂಡಾಗಿವೆ, ಉಳಿದ ಆ ಒಂದೂ ಕಿಲುಬು ತಿಂದು ಕಷ್ಟಪಟ್ಟು ತಾಗಿದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಸರಿಯಾಗೇ ಇದೆ. ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ. ಯಾಕೆಂದರೆ ಡಿಜಿಟಲ್ ಮೀಟರ್ ಸರ್ಕ್ಯೂಟಿನಿಂದ ಎಳೆದುಕೊಳ್ಳೋ ಕರೆಂಟ್ ಮೈಕ್ರೋ ಆಂಪಿಯರ್ ಲೆಕ್ಕದ್ದು. ಅಷ್ಟಕ್ಕೆ ಅಂಥ ಒಂದು ಎಳೆಯೂ ಧಾರಾಳ ಸಾಕು. ಅದೇ ಜಾಗಕ್ಕೆ 21 ವ್ಯಾಟಿನ ಹಳೇ ಬ್ರೇಕ್ ಲೈಟ್ ಬಲ್ಬ್ ಸಿಕ್ಕಿಸಿ. ಅದಕ್ಕೆ ಹೆಚ್ಚು ಕಡಿಮೆ ಒಂದೂಮುಕ್ಕಾಲು ಆಂಪಿಯರ್ ಬೇಕು. ಆಗ ಬಲ್ಬ್ ಮಂಕಾಗಿ ಉರಿದು ಸತ್ಯ ಹೊರಗೆ ಬರುತ್ತದೆ. ನನ್ನ ಟೂಲ್ ಬಾಕ್ಸ್‌ನಲ್ಲಿ ಎರಡು ವೈರ್ ಬೆಸೆದ ಇಂಥ ಒಂದು ಬಲ್ಬ್ ಯಾವಾಗಲೂ ಇರುತ್ತದೆ. ಪವರ್ ಮತ್ತು ಅರ್ಥ್ ಲೈನ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಸೆನ್ಸರ್ ಸಿಗ್ನಲ್ ವೈರಿಗಾಗಲೀ ಕಂಪ್ಯೂಟರಿನ ಪಿನ್ನಿಗಾಗಲೀ ಅದನ್ನು ಹಚ್ಚಬೇಡಿ, ಕಂಪ್ಯೂಟರ್ ಸುಟ್ಟುಹೋಗಬಹುದು.

ಓಮ್ ಅಳತೆಯೂ ಹೀಗೇ ಮೋಸ ಮಾಡುತ್ತದೆ. ಸ್ಟಾರ್ಟರ್ ಮೋಟರ್ 200 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಅರ್ಥ್ ಕೇಬಲ್ ಬೋಲ್ಟಿನ ಕೆಳಗೆ ತುಕ್ಕು ಹಿಡಿದು 0.01 ಓಮ್ ಅಡ್ಡಿ ಇದೆ. ಮಾಮೂಲಿ ಮೀಟರಿಗೆ ಅದು ಸೊನ್ನೆಯೇ. ಆದರೆ 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್ ಅಲ್ಲೇ ನುಂಗಿಹೋಯಿತು. ಅದಕ್ಕೆ ಓಮ್ ಬಿಟ್ಟು ವೋಲ್ಟೇಜ್ ಡ್ರಾಪ್ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ನಿನ ಲೋಹದ ಮೇಲೆ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅಲ್ಲಿ ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಅರ್ಥ್ ಸರಿಯಿಲ್ಲ. ಸೆನ್ಸರ್, ಕಂಪ್ಯೂಟರುಗಳ ಅರ್ಥ್ ಆದರೆ 0.1 ವೋಲ್ಟ್ ಒಳಗೇ ಇರಬೇಕು. ಮುಖ್ಯ ವಿಷಯ ಏನೆಂದರೆ, ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಸ್ವಿಚ್ ಆಫ್ ಮಾಡಿ ಅಳೆದರೆ ಪ್ರತಿಯೊಂದು ತಂತಿಯೂ ಒಳ್ಳೆಯದೇ.

ಅರ್ಥ್ ಕೆಟ್ಟರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುವ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಹಿಂದಿನ ಲೈಟಿನ ಒಂದೇ ಒಂದು ಅರ್ಥ್ ಪಿನ್ ಹೋಗಿರುತ್ತದೆ, ಅಷ್ಟೇ.

ಇನ್ನು ನಮ್ಮ ಗಾಡಿಯ ಕಥೆ. ಕೆಲವು ಬೆಳಿಗ್ಗೆ ಹೊರಟ ಸ್ವಲ್ಪ ಹೊತ್ತಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡೋದು) ದೀಪ, ಸ್ಟಿಯರಿಂಗ್ ದೀಪ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ದೀಪ ಮೂರೂ ಒಟ್ಟಿಗೆ ಬರುತ್ತಿದ್ದವು. ಸ್ಪೀಡೋಮೀಟರ್ ಮುಳ್ಳು ದಬಕ್ಕನೆ ಸೊನ್ನೆಗೆ ಬೀಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮುಳ್ಳು ಎದ್ದು ನಿಲ್ಲುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ದೀಪಗಳೂ ಮಾಯ. ತೋರಿಸಿದ ಕಡೆ ಒಂದೇ ಉತ್ತರ, ಎಬಿಎಸ್ ಮಾಡ್ಯೂಲ್, ಅಂದರೆ ಅದರ ಕಂಪ್ಯೂಟರ್, ಬದಲಾಯಿಸಬೇಕು.

ಆದರೆ ಕೋಡ್‌ಗಳನ್ನು ಪೂರ್ತಿ ಓದಿದಾಗ ಒಂದು ವಿಚಿತ್ರ ಕಂಡಿತು. ಎಂಜಿನ್ ಕಂಪ್ಯೂಟರಿನಲ್ಲಿ ಯು0121 ಇತ್ತು. ಅಂದರೆ ಎಬಿಎಸ್ ಜೊತೆ ಮಾತು ನಿಂತಿದೆ ಅಂತ. ಸರಿ. ಎಬಿಎಸ್ ಮಾಡ್ಯೂಲಿನೊಳಗೆ ನೋಡಿದರೆ ಅಲ್ಲಿ ಯು0100, ಅಂದರೆ ಎಂಜಿನ್ ಕಂಪ್ಯೂಟರ್ ಜೊತೆ ಮಾತು ನಿಂತಿದೆ ಅಂತ. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಬರೆದಿದ್ದಾರೆ! ಎಬಿಎಸ್ ಮಾಡ್ಯೂಲ್ ನಿಜಕ್ಕೂ ಸತ್ತಿದ್ದರೆ, ಅದಕ್ಕೆ ಕರೆಂಟ್ ಹೋಗಿದ್ದರೆ, ಅದು ಆ ಕ್ಷಣದಲ್ಲಿ ಏನನ್ನೂ ಬರೆಯಲು ಆಗುತ್ತಿರಲಿಲ್ಲ. ಬರೆದಿದೆ ಅಂದರೆ ಎಚ್ಚರವಾಗೇ ಇತ್ತು. ಹಾಗಾದರೆ ಕೆಟ್ಟಿರೋದು ಇಬ್ಬರ ನಡುವಿನ ದಾರಿ.

ಆ ದಾರಿಗೆ ಕ್ಯಾನ್ ಬಸ್ ಅನ್ನುತ್ತಾರೆ. ಬಾಷ್ ಕಂಪನಿ 1983ರಲ್ಲಿ ಕೆಲಸ ಶುರು ಮಾಡಿ 1986ರಲ್ಲಿ ಜಗತ್ತಿಗೆ ತೋರಿಸಿದ ವ್ಯವಸ್ಥೆ. ಪ್ರತಿ ಸುದ್ದಿಗೂ ಒಂದೊಂದು ತಂತಿ ಎಳೆಯುವ ಬದಲು, ಹೆಣೆದ ಎರಡೇ ತಂತಿಯ ಮೇಲೆ ಎಲ್ಲ ಕಂಪ್ಯೂಟರ್‌ಗಳೂ ಸರದಿಯಲ್ಲಿ ಮಾತಾಡುತ್ತವೆ. ಸುಮ್ಮನಿದ್ದಾಗ ಎರಡೂ ತಂತಿಯಲ್ಲಿ 2.5 ವೋಲ್ಟ್. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಎರಡರ ನಡುವಿನ ಅಂತರವನ್ನಷ್ಟೇ ಓದುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಸಮವಾಗಿ ತಾಗಿ ವಜಾ ಆಗುತ್ತದೆ. ಮಲ್ಟಿಮೀಟರಿಗೆ ಈ ವೇಗ ಹಿಡಿಯೋಕೆ ಆಗಲ್ಲ, ಅದು ಸರಾಸರಿ ತೋರಿಸುತ್ತದೆ. ಸಿಗ್ನಲ್ ಆಕಾರ ನೋಡಬೇಕಾದರೆ ಆಸಿಲೋಸ್ಕೋಪ್ ಬೇಕು.

ಆದರೆ ಸ್ಕೋಪ್ ಇಲ್ಲದವರಿಗೂ ಒಂದು ಸುಲಭ ಪರೀಕ್ಷೆ ಇದೆ. ಈ ಬಸ್ಸಿನ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡು ಪ್ಯಾರಲಲ್ ಆಗಿರೋದರಿಂದ ಒಟ್ಟು 60. ಬ್ಯಾಟರಿ ಬಿಚ್ಚಿ, ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಬರಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಕೆಲವು ಕಾರುಗಳಲ್ಲಿ ಸಾಕೆಟ್ಟಿನ ಹಿಂದೆ ಸುದ್ದಿ ದಾಟಿಸುವ ಗೇಟ್‌ವೇ ಕಂಪ್ಯೂಟರ್ ಇರುತ್ತದೆ, ಅಲ್ಲಿ ಈ ಲೆಕ್ಕ ನೇರವಾಗಿ ನಡೆಯಲ್ಲ. ಡಯಾಗ್ರಾಮ್ ನೋಡಿ ಬೇರೆ ಜಾಗದಲ್ಲಿ ಅಳೆಯಬೇಕು.

ನಮ್ಮ ಗಾಡಿಯಲ್ಲಿ 60 ಬಂತು. ಬರಲೇಬೇಕಲ್ವಾ, ಆಗ ಗಾಡಿ ಸರಿಯಾಗೇ ಇತ್ತು. ಇಲ್ಲಿ ಕೆಲಸಕ್ಕೆ ಬಂದಿದ್ದು ನೋಟ್‌ಬುಕ್. ದೀಪಗಳು ಬಂದ ದಿನಗಳೆಲ್ಲ ಮಳೆಯ ಮರುದಿನಗಳು. ಆದರೆ ಎಲ್ಲ ಮಳೆಗೂ ಬರುತ್ತಿರಲಿಲ್ಲ. ಗಾಡಿ ಎಲ್ಲಿ ನಿಂತಿತ್ತು ಅನ್ನೋ ಸಾಲು ನೋಡಿದರೆ, ಮಳೆ ಬಿದ್ದ ರಾತ್ರಿ ರಸ್ತೆ ಬದಿಯಲ್ಲಿ ಎಡಕ್ಕೆ ವಾಲಿ ನಿಂತಾಗ ಮಾತ್ರ. ಸಮತಟ್ಟಿನಲ್ಲಿ ನಿಂತರೆ ಎಷ್ಟೇ ಮಳೆ ಬಂದರೂ ಏನೂ ಇಲ್ಲ.

ಆಮೇಲೆ ಬಾನೆಟ್ ಎತ್ತಿ, ಮುಂದಿನ ಗ್ಲಾಸಿನ ಕೆಳಗಿರೋ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಎಡತುದಿಯಲ್ಲಿ ನೀರು ಹರಿದುಹೋಗುವ ತೂತು ಇದೆ. ಅದರ ಮೇಲೆ ಕೊಳೆತ ಎಲೆ, ಧೂಳು ಸೇರಿ ಕಪ್ಪು ಹೆಂಟೆ ಆಗಿ ಕೂತಿತ್ತು. ನೀರು ಹೊರಗೆ ಹೋಗಲಾರದೆ ತುಂಬಿ, ಪಕ್ಕದ ವೈರ್ ಗೊಂಚಲು ಒಳಗೆ ಹೋಗುವ ತೂತಿನ ರಬ್ಬರ್ ಗ್ರೋಮೆಟ್ ಮಟ್ಟಕ್ಕೆ ಬಂದು, ವೈರುಗಳ ಮೈ ಹಿಡಿದು ಒಳಗಿಳಿಯುತ್ತಿತ್ತು. ಒಳಗೆ ಎಡಗಡೆ ಕಾಲಿಡುವ ಜಾಗದ ಪಕ್ಕದ ಪ್ಯಾನಲ್ ಬಿಚ್ಚಿದರೆ ಒಂದು ದೊಡ್ಡ ಕನೆಕ್ಟರ್, ಎಂಜಿನ್ ಕಡೆಯ ವೈರಿಂಗ್ ಮತ್ತು ಒಳಗಿನ ವೈರಿಂಗ್ ಸೇರುವ ಜಾಗ. ಅದರ ಕೆಳಗಿನ ಸಾಲಿನಲ್ಲಿ ಎರಡು ಪಿನ್ ಸುತ್ತ ಹಸಿರು ಕಿಲುಬು. ಹೆಣೆದ ಜೋಡಿ ತಂತಿ ಬಂದು ಸೇರೋದು ಅಲ್ಲಿಗೇ.

ಅದನ್ನು ಕಂಡ ತಕ್ಷಣ ಕನೆಕ್ಟರ್ ಕಿತ್ತು ಉಜ್ಜಬೇಕು ಅನ್ನಿಸುತ್ತದೆ. ಮಾಡಬಾರದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಒಮ್ಮೊಮ್ಮೆ ಬರುವ ದೋಷಗಳು ವರ್ಷಗಟ್ಟಲೆ ಕಾಡೋದು ಇದೇ ಕಾರಣಕ್ಕೆ. ಕನೆಕ್ಟರ್ ಬಿಚ್ಚಿ ಹಾಕೋದೇ ಒಂದು ರಿಪೇರಿ. ಬಹುಪಾಲು ಪಿನ್ನುಗಳ ಮೇಲೆ ತವರದ ಲೇಪನ ಇರುತ್ತದೆ. ಗಾಡಿ ಓಡುವಾಗ ಪಿನ್ನುಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ತಿಕ್ಕಾಡುತ್ತವೆ. ತಿಕ್ಕಿದ ಜಾಗದಲ್ಲಿ ಆಕ್ಸೈಡ್ ಪುಡಿ ಕೂತು ಕರೆಂಟಿಗೆ ಅಡ್ಡಿ ಆಗುತ್ತದೆ. ಕಿತ್ತು ಮತ್ತೆ ಸಿಕ್ಕಿಸಿದರೆ ಆ ಪುಡಿ ಒರೆಸಿಹೋಗಿ ಹೊಸ ಲೋಹ ತಾಗುತ್ತದೆ. ಗಾಡಿ ಕೆಲವು ವಾರ, ಕೆಲವು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಅದೇ.

ಈಗ ಮಾಡ್ಯೂಲ್ ಬದಲಾಯಿಸಿದ ಕಥೆಗಳನ್ನು ನೆನಪಿಸಿಕೊಳ್ಳಿ. ಹಳೆಯದನ್ನು ತೆಗೆಯೋಕೆ ಕನೆಕ್ಟರ್ ಬಿಚ್ಚಿದರು, ಹೊಸದಕ್ಕೆ ಸಿಕ್ಕಿಸಿದರು, ದೋಷ ಹೋಯಿತು. ಹೊಸ ಮಾಡ್ಯೂಲಿಂದ ಸರಿಹೋಯಿತಾ, ಪಿನ್ ಒರೆಸಿದ್ದರಿಂದ ಸರಿಹೋಯಿತಾ? ಹೇಳೋಕೆ ಯಾರಿಗೂ ಆಗಲ್ಲ. ಗ್ಯಾರೇಜಿನವರು ಮೋಸ ಮಾಡಿದರು ಅಂತಲ್ಲ, ಅವರ ಕಣ್ಣಿಗೂ ಅದು ಸರಿಹೋದ ಗಾಡಿಯೇ. ಅದಕ್ಕೆ ನನ್ನದೊಂದು ಹಠ. ದೋಷವನ್ನು ಬೇಕೆಂದಾಗ ಬರಿಸೋಕೆ ಆಗುವ ತನಕ ಯಾವ ಕನೆಕ್ಟರನ್ನೂ ಕೀಳಬಾರದು.

ಹಾಗಾಗಿ ಬ್ಯಾಟರಿ ಬಿಚ್ಚಿಟ್ಟು, ಮೀಟರನ್ನು 6 ಮತ್ತು 14ಕ್ಕೆ ಹಚ್ಚಿ, ಮಿನ್‌-ಮ್ಯಾಕ್ಸ್ ಬಟನ್ ಒತ್ತಿದೆ. ಅತಿ ಕಡಿಮೆ, ಅತಿ ಜಾಸ್ತಿ ಎರಡನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ನಮ್ಮ ಕಣ್ಣು ಬೇರೆ ಕಡೆ ಇದ್ದರೂ ತೊಂದರೆ ಇಲ್ಲ. ಕನೆಕ್ಟರ್ ಬುಡದ ವೈರುಗಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದೆ. 60, 60, 61. ಸ್ವಲ್ಪ ಕೆಳಕ್ಕೆ ಜಗ್ಗಿದಾಗ ಅಂಕಿ ಕುಣಿಯಿತು. 70, 90, ಆಮೇಲೆ 120. ಬಿಟ್ಟರೆ ಮತ್ತೆ 60ರ ಹತ್ತಿರ. ಎಬಿಎಸ್ ಕಡೆಯ ತುದಿಯ ರೆಸಿಸ್ಟರ್ ಬಸ್ಸಿನಿಂದ ಕಳಚಿಕೊಳ್ಳುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ? ವೇಗದ ಸುದ್ದಿ ಬರೋದು ಚಕ್ರಗಳ ಸೆನ್ಸರಿನಿಂದ, ಎಬಿಎಸ್ ಮೂಲಕ. ಅದಕ್ಕೇ ಸ್ಪೀಡೋಮೀಟರ್ ಬೀಳುತ್ತಿತ್ತು, ವೇಗ ಗೊತ್ತಾಗದೆ ಸ್ಟಿಯರಿಂಗ್ ದೀಪವೂ ಬರುತ್ತಿತ್ತು. ಮೂರು ದೀಪ, ಒಂದೇ ಕಾರಣ.

ಆಮೇಲಿನದ್ದು ಕೈಕೆಲಸ. ಕಿಲುಬು ಹಿಡಿದ ಪಿನ್ ಉಜ್ಜಿದರೆ ಸಾಲದು, ಬದಲಾಯಿಸಬೇಕು. ತಂತಿಯೊಳಗೂ ಹಸಿರು ಏರಿರುತ್ತದೆ. ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿ, ಹೊಸ ತುಂಡು ಸೇರಿಸಿ, ಜೋಡಿ ತಂತಿಯ ಹೆಣಿಗೆ ಆದಷ್ಟು ಹಾಗೇ ಉಳಿಸಿ ಹೊಸ ಟರ್ಮಿನಲ್ ಒತ್ತಿಸಿದ್ದಾಯಿತು. ತೂತು ಸ್ವಚ್ಛ ಮಾಡಿ, ಗ್ರೋಮೆಟ್ ಸರಿಯಾಗಿ ಕೂರಿಸಿದ್ದಾಯಿತು. ಇದನ್ನು ಮಾಡದೆ ಪಿನ್ ಮಾತ್ರ ಬದಲಾಯಿಸಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಹಸಿರು.

ನೀರಿನ ಬದಲು ಶಾಖ ಕಾರಣ ಆಗಿದ್ದರೆ ಹೇರ್ ಡ್ರೈಯರ್ ಸಾಕು. ಅನುಮಾನ ಇರೋ ರಿಲೇಗೋ ಸೆನ್ಸರಿಗೋ ಬಿಸಿ ಗಾಳಿ ಕೊಡಿ. ಕೆಟ್ಟ ಮೇಲೆ ತಣಿಸುವ ಸ್ಪ್ರೇ ಹೊಡೆದು ಸರಿಹೋಗುತ್ತಾ ನೋಡಿ. ಬಿರುಕು ಬಿಟ್ಟ ಬೆಸುಗೆಗಳು ಹೀಗೆ ಸಿಕ್ಕಿಬೀಳುತ್ತವೆ. ಅಲುಗಾಟ ಅಂದರೆ ಬಾಗಿಲು ಮತ್ತು ಡಿಕ್ಕಿಯ ಹಿಂಜು ಮೊದಲು ನೋಡಬೇಕಾದ ಜಾಗ. ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಬೂಟಿನೊಳಗೆ ವೈರುಗಳು ಪ್ರತಿ ಸಲ ಮಡಚಿ ಬಿಡಿಸಿ ಒಳಗೇ ತುಂಡಾಗುತ್ತವೆ. ಹೊರಗಿನ ಪ್ಲಾಸ್ಟಿಕ್ ನೋಡಿದರೆ ಗೊತ್ತಾಗಲ್ಲ, ಮೆತ್ತಗೆ ಎಳೆದರೆ ರಬ್ಬರ್ ಬ್ಯಾಂಡಿನಷ್ಟು ಹಿಗ್ಗುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಹಾರ್ನ್ ನಿಂತು ಏರ್‌ಬ್ಯಾಗ್ ದೀಪ ಬಂದರೆ ಸ್ಟಿಯರಿಂಗ್ ಚಕ್ರದ ಕೆಳಗಿನ ಕ್ಲಾಕ್ ಸ್ಪ್ರಿಂಗ್ (ತಿರುಗುವ ಚಕ್ರಕ್ಕೆ ಕರೆಂಟ್ ತಲುಪಿಸುವ ಸುರುಳಿ) ಮೇಲೆ ಅನುಮಾನ. ಅಲ್ಲಿ ಮಾತ್ರ ನಾವು ಕೈ ಹಾಕಬಾರದು. ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಯ ಹೈ ವೋಲ್ಟೇಜಿನದು. ಎರಡೂ ಕಲಿತವರ ಕೆಲಸ.

ಮೀಟರಿನ ದಪ್ಪ ಕಡ್ಡಿಯನ್ನು ಕನೆಕ್ಟರಿನ ಹೆಣ್ಣು ಪಿನ್ನಿನೊಳಗೆ ಚುಚ್ಚೋರಿಗೂ ಒಂದು ಮಾತು. ಅದರ ಬಾಯಿ ಅಗಲವಾಗಿ, ಇಲ್ಲದಿದ್ದ ಲೂಸ್ ಕಾಂಟ್ಯಾಕ್ಟ್ ಹೊಸದಾಗಿ ಹುಟ್ಟುತ್ತದೆ. ಹಿಂದಿನಿಂದ ತೆಳ್ಳಗಿನ ಪಿನ್ ಇಳಿಸಿ ಅಳೆಯಿರಿ. ವೈರ್ ಮೇಲಿನ ಪ್ಲಾಸ್ಟಿಕ್ ಚುಚ್ಚೋದೂ ಬೇಡ, ಆ ತೂತಿನಿಂದಲೇ ನೀರು ಒಳಗೆ ಹೋಗುತ್ತದೆ.

ಬ್ಯಾಟರಿ ಒಮ್ಮೊಮ್ಮೆ ಮಾತ್ರ ಇಳಿಯೋದು ಇನ್ನೊಂದು ತಲೆನೋವು. ನಿಂತ ಗಾಡಿ ಸುಮಾರು 50 ಮಿಲಿ ಆಂಪಿಯರ್ ಒಳಗೆ ಎಳೆದರೆ ಮಾಮೂಲಿ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಅದೇ ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12. 60 ಆಂಪಿಯರ್ ಅವರಿನ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧಕ್ಕೆ ಬರುತ್ತದೆ. ಇಲ್ಲಿ ಜನ ಎಡವೋದು ಅವಸರದಲ್ಲಿ. ಗಾಡಿ ಲಾಕ್ ಮಾಡಿದ ತಕ್ಷಣ ಕಂಪ್ಯೂಟರುಗಳು ಮಲಗೋದಿಲ್ಲ. ಕೆಲವು ನಿಮಿಷದಿಂದ ಹಿಡಿದು ಅರ್ಧ ಗಂಟೆ, ಕೆಲವು ಗಾಡಿಗಳಲ್ಲಿ ಅದಕ್ಕೂ ಜಾಸ್ತಿ ಬೇಕು. ಬಾಗಿಲು ತೆರೆದಿಟ್ಟೇ ಪರೀಕ್ಷೆ ಮಾಡಬೇಕಾದರೆ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕೀ ದೂರ ಇಟ್ಟು ಕಾಯಬೇಕು. ಆಮೇಲೆ ಫ್ಯೂಸ್ ಕೀಳಬೇಡಿ. ಕಿತ್ತು ಹಾಕಿದರೆ ಮಲಗಿದ್ದ ಮಾಡ್ಯೂಲ್ ಎದ್ದು ಕೂರುತ್ತದೆ, ಇಲ್ಲವೇ ಹಟ ಹಿಡಿದು ಎಚ್ಚರವಿದ್ದ ಮಾಡ್ಯೂಲ್ ರೀಸೆಟ್ ಆಗಿ ಮಲಗಿಬಿಡುತ್ತದೆ. ಎರಡೂ ನಷ್ಟವೇ. ಫ್ಯೂಸಿನ ತಲೆ ಮೇಲಿರುವ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಇದ್ದರೆ ಕರೆಂಟ್ ಹರಿಯುತ್ತಿಲ್ಲ. ಏನಾದರೂ ಕಂಡರೆ ಆ ಲೈನಿನಲ್ಲಿ ಯಾರೋ ಎಚ್ಚರ ಇದ್ದಾರೆ. ಆದರೆ ಅದಕ್ಕೂ ಮೊದಲು ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್, ಆಂಪ್ಲಿಫೈಯರ್ ಎಲ್ಲವನ್ನೂ ಒಮ್ಮೆ ಬಿಚ್ಚಿ ನೋಡಿ. ಒಬಿಡಿ ಸಾಕೆಟ್ಟಿನಲ್ಲೇ ಮರೆತುಹೋದ ಡಾಂಗಲ್ ಕೂಡ ಬ್ಯಾಟರಿ ಕುಡಿಯುತ್ತದೆ.

ರಿಪೇರಿ ಆದ ಮೇಲೆ ಸರಿಹೋಯಿತು ಅಂತ ಹೇಗೆ ಗೊತ್ತಾಗಬೇಕು? ದೋಷ ಬರದೇ ಇರೋದು ಸಾಕ್ಷಿ ಅಲ್ಲ. ಮೊದಲೂ ಅದು ವಾರಗಟ್ಟಲೆ ಬರದೇ ಇರುತ್ತಿತ್ತಲ್ಲ. ಬರಿಸುವ ಪರಿಸ್ಥಿತಿಯನ್ನು ಮತ್ತೆ ಸೃಷ್ಟಿ ಮಾಡಿ, ಬರುತ್ತಿಲ್ಲ ಅಂತ ತೋರಿಸಬೇಕು. ನಮ್ಮ ಗಾಡಿಯನ್ನು ಎಡಕ್ಕೆ ವಾಲುವ ಜಾಗದಲ್ಲೇ ನಿಲ್ಲಿಸಿ, ಗ್ಲಾಸಿನ ಬುಡಕ್ಕೆ ಪೈಪಿನಿಂದ ಬೇಕಾದಷ್ಟು ನೀರು ಬಿಟ್ಟೆ. ನೀರು ತೂತಿನಿಂದ ಸರಾಗವಾಗಿ ಹೊರಗೆ ಸುರಿಯಿತು, ಒಳಗಿನ ಕನೆಕ್ಟರ್ ಸುತ್ತ ಸುತ್ತಿದ್ದ ಟಿಶ್ಯೂ ಒಣಗೇ ಇತ್ತು. ಬ್ಯಾಟರಿ ಬಿಚ್ಚಿ ಅದೇ ವೈರುಗಳನ್ನು ಮೊದಲಿಗಿಂತ ಜೋರಾಗಿ ಜಗ್ಗಿದರೂ ಮೀಟರ್ 60 ಬಿಟ್ಟು ಕದಲಲಿಲ್ಲ. ಕೋಡ್ ಅಳಿಸುವ ಬಟನ್ ಒತ್ತಿದ್ದು ಆಮೇಲೆ.